ಮಾರಾಟಕ್ಕಿದ್ದ ಮನೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬುದು ಹಿರಿಯರ ಮಾತು. ಮನೆ ಮಾರಿ ನೋಡು ಎಂದು ಅವರು ಹೇಳಲಿಲ್ಲ. ಆ ಅನುಭವ ನನಗೆ 2018ರಲ್ಲಿ ಒದಗಿತು.

ನವಲಗುಂದ ತಾಲೂಕಿನ ಹಳ್ಳಿಯೊಂದರಲ್ಲಿ ನಮ್ಮ ತಂದೆಯವರು ಕಟ್ಟಿಸಿದ ಮಾಳಿಗೆಯ ಮನೆಯದು. ತಾಯಿಯವರು ಲಿಂಗೈಕ್ಯರಾದ ಮೇಲೆ ಅಲ್ಲಿ ದೀಪ ಹಚ್ಚುವವರಿಲ್ಲವಾಯಿತು. ಸಹೋದರರೆಲ್ಲ ಕೂಡಿ ಮಾರುವುದೆಂದು ನಿಶ್ಚಯಿಸಿದೆವು. ನಿವೃತ್ತನಾಗಿದ್ದ ನಾನು, ಗಿರಾಕಿ ದೊರೆಯುವವರೆಗೆ ಮನೆಯನ್ನು ಒಪ್ಪವಾಗಿಡಲೆಂದು ಪತ್ನಿಯೊಡನೆ ಅಲ್ಲಿ ಹೋಗಿ ನೆಲೆಸಿದೆ.

ಬೀಗ ಹಾಕಿದ ಮನೆ ಬಹುಬೇಗ ಮುಪ್ಪಾಗುತ್ತದೆ. ಮಳೆಗಾಲಕ್ಕೆ ಮುನ್ನ ಮಾಳಿಗೆಯ ಹುಲ್ಲು ಕೀಳಿಸಿ, ಸವಳು ಮಣ್ಣು ಹರಡಿಸಿದೆ. ಸುಣ್ಣವನ್ನು ನೀರಿನಲ್ಲಿ ಅರಳಿಸಿ, ಸೋಸಿ, ತುಸು ನೀಲಿ ಬೆರೆಸಿ ಗೋಡೆಗಳಿಗೆ ಬಳಿದೆವು. ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ ಎಳೆದೆವು. ಯಾರು ಯಾವಾಗ ಬರುವರೋ ತಿಳಿಯದು. ಆದ್ದರಿಂದ ಬೆಳಗಾಗುವುದರೊಳಗೆ ಅಂಗಳ ಗುಡಿಸಿ, ರಂಗೋಲಿ ಹಾಕಿ, ಹಾಸಿಗೆ ಸುತ್ತಿಟ್ಟು, ನಮ್ಮ ಮನೆಯಲ್ಲಿ ನಾವೇ ಬೀಗರಂತೆ ಕುಳಿತಿರುತ್ತಿದ್ದೆವು. ತಾಯಿಯವರು ಒರಗಿ ಕೂಡುತ್ತಿದ್ದ ಕಂಬದ ಎಣ್ಣೆಯ ಕಲೆಯನ್ನು ಉಜ್ಜುವಾಗ ಮಾತ್ರ ಕೈ ತಡೆಯಿತು.

ಎರೆಯ ಭೂಮಿ ನೀರುಂಡಾಗ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಾಯಿಬಿಡುತ್ತದೆ. ಅದರೊಡನೆ ಮನೆಯ ಅಡಿಪಾಯವೂ ಅಲುಗುತ್ತದೆ. ನಮ್ಮ ಪಡಸಾಲೆಯ ಬಡಗಣ ಗೋಡೆಯಲ್ಲಿ ಪ್ರತಿ ಬೇಸಿಗೆಯೂ ಬೆರಳು ಹೋಗುವಷ್ಟು ಬಿರುಕು ತೆರೆಯುತ್ತಿತ್ತು, ಮಳೆಗಾಲದಲ್ಲಿ ಮುಚ್ಚಿಕೊಳ್ಳುತ್ತಿತ್ತು. ಶ್ರಾವಣದಲ್ಲಿ ಗಿರಾಕಿಯೊಬ್ಬರು ಬಂದಾಗ ಸುಣ್ಣದ ಕೆಳಗೆ ಅದರ ಗುರುತೇ ಇರಲಿಲ್ಲ. “ಕೇಳಲಾರದ್ದನ್ನ ಹೇಳಾಕ ಹೋಗಬ್ಯಾಡ್ರಿ, ಮಾಸ್ತರ” ಎಂದು ದಲ್ಲಾಳಿ ನನ್ನ ಕಿವಿಯಲ್ಲಿ ಉಸುರಿದನು.

ಕೊಳ್ಳುವವನು ಸಾಮಾನ್ಯ ಎಚ್ಚರಿಕೆಯಿಂದ ಕಂಡುಕೊಳ್ಳಲಾಗದ ಮಹತ್ವದ ದೋಷವನ್ನು ಮಾರುವವನು ತಿಳಿಸತಕ್ಕದ್ದೆಂದು 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 55ನೆಯ ಪ್ರಕರಣ ವಿಧಿಸುತ್ತದೆ. ಆದರೆ ಆ ಕ್ಷಣ ನನಗೆ ನೆನಪಾದದ್ದು ಕಾನೂನಲ್ಲ, ಈ ಶಾಲೆಯ ಪ್ರಸಾದನಿಲಯ. ಸರದಿಯಂತೆ ನಾವು ಕಸ ಗುಡಿಸಿದ ಬಳಿಕ ಗುರುಗಳು ಬರುತ್ತಿದ್ದರು. ಅವರು ನಡುಮನೆಯನ್ನು ನೋಡುತ್ತಿರಲಿಲ್ಲ. ಕದ ಸರಿಸಿ ಅದರ ಹಿಂದಿನ ಮೂಲೆಯನ್ನು ನೋಡುತ್ತಿದ್ದರು. ಅಲ್ಲಿ ಕಸವಿದ್ದರೆ ಬೈಯದೆ ತಾವೇ ಕಸಬರಿಗೆ ಎತ್ತಿಕೊಳ್ಳುತ್ತಿದ್ದರು.

ಗಿರಾಕಿಯನ್ನು ಗೋಡೆಯ ಬಳಿಗೆ ಕರೆದೊಯ್ದು, ಬಿರುಕು ತೆರೆಯುವ ಜಾಗವನ್ನು ಬೆರಳಿನಿಂದ ಗೆರೆಯೆಳೆದು ತೋರಿಸಿದೆ. ಅವರು ಮೌನವಾಗಿ ಹೊರಟುಹೋದರು. ಮೂರು ವಾರ ಯಾರೂ ಬರಲಿಲ್ಲ. ತಮ್ಮಂದಿರು ಬೇಸರಗೊಂಡರು, ಅದು ಸಹಜವೇ, ಹಣದಲ್ಲಿ ಅವರ ಪಾಲೂ ಇದ್ದಿತು. ನಾವು ದಿನವೂ ಗುಡಿಸುತ್ತಲೇ ಇದ್ದೆವು. ಕಡೆಗೆ ಅದೇ ಗಿರಾಕಿ ಗೌಂಡಿಯೊಬ್ಬನನ್ನು ಕರೆತಂದು, ದುರಸ್ತಿಯ ವೆಚ್ಚ ಕಳೆದು ಬೆಲೆ ಹೇಳಿದರು. “ಇದನ್ನ ನೀವ ತೋರಿಸೀರಿ, ಉಳಿದದ್ದನ್ನ ನಾ ನೋಡೂದ ಬ್ಯಾಡ” ಎಂದರು. ಕಡಿಮೆಯಾದ ಮೊತ್ತವನ್ನು ನನ್ನ ಪಾಲಿನಲ್ಲಿ ಮುರಿದುಕೊಂಡು ತಮ್ಮಂದಿರಿಗೆ ಅವರ ಪಾಲನ್ನು ಪೂರ್ತಿಯಾಗಿ ಕೊಟ್ಟೆನು.

ಕೀಲಿಕೈ ಒಪ್ಪಿಸುವ ದಿನ, ಇನ್ನು ನೋಡಲು ಬರುವವರು ಯಾರೂ ಇರಲಿಲ್ಲ. ಆದರೂ ಪತ್ನಿ ಹೊಸ್ತಿಲಿಗೆ ರಂಗೋಲಿ ಹಾಕಿದಳು. ನಾನು ಕದದ ಹಿಂದಿನ ಮೂಲೆಯನ್ನು ಗುಡಿಸಿದೆ. ಗುಡಿಸುವುದನ್ನು ಕಲಿಸಿದ ಆ ಗುರುಗಳಿಗೆ ಈ ಸಂಚಿಕೆಯ ಮೂಲಕ ನನ್ನ ಶರಣು ಶರಣಾರ್ಥಿ.