ಹೊರಗೆ ಕಾಣದ ಗಾಯ

ನಮ್ಮ ಸಕಲೇಶಪುರ, ಆಲೂರು ಕಡೆ ಬೀಳುವುದು ಹೊಸ ಸಂಗತಿಯೇನಲ್ಲ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳದಲ್ಲಿ ಜಾರುತ್ತೇವೆ. ಮೆಣಸು ಕುಯ್ಯುವ ಕಾಲದಲ್ಲಿ ಸಿಲ್ವರ್ ಮರಕ್ಕೆ ಒರಗಿಸಿದ ಏಣಿಯಿಂದ ಬೀಳುವವರುಂಟು. ಶಿರಾಡಿ ಘಾಟಿಯ ತಿರುವುಗಳಲ್ಲಿ ಬೈಕು ಉರುಳುತ್ತದೆ. ಕೈಕಾಲು ಮುರಿದರೆ ಊರಿಗೆಲ್ಲ ಗೊತ್ತಾಗುತ್ತದೆ. ಪಟ್ಟಿ ಕಟ್ಟಿರುತ್ತಾರೆ, ನೆಂಟರು ಹಣ್ಣು ಹಿಡಿದು ನೋಡಲು ಬರುತ್ತಾರೆ. ಮಿದುಳಿಗೆ ಪೆಟ್ಟಾದರೆ ಪಟ್ಟಿಯೂ ಕಾಣುವುದಿಲ್ಲ, ಕೆಲವು ದಿನ ಕಳೆದ ಮೇಲೆ ನೋಡಲು ಬರುವವರೂ ಇರುವುದಿಲ್ಲ.

ಕೆಲವು ವರ್ಷಗಳ ಹಿಂದೆ ಒಂದು ಫೆಬ್ರವರಿಯಲ್ಲಿ ನನ್ನ ತಮ್ಮ ಮೆಣಸು ಕುಯ್ಯುತ್ತಾ ಏಣಿಯಿಂದ ಬಿದ್ದ. ಒಂದು ಹನಿ ರಕ್ತ ಬರಲಿಲ್ಲ. ಎದ್ದು ಕೂತು ಮಾತನಾಡಿದ. ‘ದೇವರು ದೊಡ್ಡವನು, ಏನೂ ಆಗಲಿಲ್ಲ’ ಎಂದರು ಎಲ್ಲರೂ. ಸಂಜೆ ಎರಡು ಸಲ ವಾಂತಿಯಾಯಿತು, ತೂಕಡಿಕೆ ಶುರುವಾಯಿತು. ರಾತ್ರಿಯೇ ಹಾಸನಕ್ಕೆ ಕರೆದೊಯ್ದೆವು. ತಲೆಯೊಳಗೆ ರಕ್ತ ಸೋರಿದೆ ಎಂದರು. ವಾರಗಟ್ಟಲೆ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದ.

ಮಕ್ಕಳೇ, ಮಿದುಳಿನ ತೂಕ ಸುಮಾರು 1.3 ಕಿಲೋ. ಗಟ್ಟಿ ಮೊಸರಿನಷ್ಟು ಮೆದು. ಬುರುಡೆಯೊಳಗೆ ತಿಳಿನೀರಿನಂಥ ದ್ರವದಲ್ಲಿ ತೇಲುತ್ತಿರುತ್ತದೆ. ತಲೆಗೆ ಜೋರಾಗಿ ಪೆಟ್ಟು ಬಿದ್ದಾಗ ಅದು ಒಳಗೆ ಅಲುಗಾಡಿ ಬುರುಡೆಯ ಗೋಡೆಗೆ ಬಡಿಯುತ್ತದೆ. ಚರ್ಮ ಹರಿಯದಿದ್ದರೂ ಒಳಗೆ ಗಾಯವಾಗಬಹುದು. ಹಣೆಯ ಹಿಂದಿರುವ ಭಾಗಕ್ಕೆ ಏಟಾದರೆ ಸಿಟ್ಟು ತಡೆಯುವುದು, ಮುಂದಿನದನ್ನು ಯೋಚಿಸುವುದು, ಕೆಲಸವನ್ನು ಕ್ರಮವಾಗಿ ಮಾಡುವುದು ಕಷ್ಟವಾಗುತ್ತದೆ.

ಇದು ಜಗತ್ತಿಗೆ ಚೆನ್ನಾಗಿ ತಿಳಿದದ್ದು ಒಬ್ಬ ರೈಲ್ವೆ ಮೇಸ್ತ್ರಿಯಿಂದ. ನಮ್ಮ ಸಕಲೇಶಪುರ–ಸುಬ್ರಹ್ಮಣ್ಯ ರೈಲು ದಾರಿಗಾಗಿ ಘಟ್ಟದ ಬಂಡೆ ಒಡೆದ ಹಾಗೆಯೇ ಅಮೆರಿಕದಲ್ಲಿ ರೈಲು ದಾರಿಗೆ ಬಂಡೆ ಸಿಡಿಸುತ್ತಿದ್ದರು. 1848ರ ಸೆಪ್ಟೆಂಬರ್ 13ರಂದು ಮದ್ದು ಸಿಡಿದು, ಒಂದು ಕಬ್ಬಿಣದ ಸಲಾಕೆ ಫಿನಿಯಸ್ ಗೇಜ್ ಎಂಬ ಮೇಸ್ತ್ರಿಯ ಕೆನ್ನೆಯಿಂದ ಹೊಕ್ಕು ನೆತ್ತಿಯಿಂದ ಹೊರಬಂತು. ಆತ ಬದುಕಿದ! ಆದರೆ ಅವನು ಮೊದಲಿನ ಗೇಜ್ ಅಲ್ಲ ಎಂದು ಗೆಳೆಯರು ಹೇಳಿದರು. ಕಥೆ ಹೇಳುವವರು ಇಲ್ಲಿಗೇ ನಿಲ್ಲಿಸುವುದುಂಟು. ಮುಂದೆ ಆತ ಚಿಲಿ ದೇಶಕ್ಕೆ ಹೋಗಿ ಹಲವು ವರ್ಷ ಕುದುರೆ ಗಾಡಿ ಓಡಿಸಿದ ಎಂಬುದನ್ನೂ ನೆನಪಿಡಬೇಕು. ಮಿದುಳಿಗೆ ಪೆಟ್ಟಾದವರು ಬದಲಾಗುತ್ತಾರೆ, ಆದರೂ ಮತ್ತೆ ಕಲಿಯುತ್ತಾರೆ.

ನನ್ನ ತಮ್ಮನೂ ಬದಲಾಗಿದ್ದ. ನಡೆಯುತ್ತಿದ್ದ, ಉಣ್ಣುತ್ತಿದ್ದ, ನೋಡಿದವರಿಗೆ ಗಟ್ಟಿಮುಟ್ಟಾಗಿ ಕಾಣುತ್ತಿದ್ದ. ಆದರೆ ಪಂಪ್‌ಸೆಟ್ ಹಾಕಿದ್ದು ಮರೆಯುತ್ತಿದ್ದ. ಮಿಕ್ಸಿ ಸದ್ದು ಕೇಳಿದರೆ ಕಿವಿ ಮುಚ್ಚಿಕೊಂಡು ಕೂಗುತ್ತಿದ್ದ. ಕೆಲವರು ಸೋಮಾರಿ ಎಂದರು, ಕೆಲವರು ಗಾಳಿ ಸೋಕಿದೆ ಎಂದರು. ಬಂದವರೆಲ್ಲ ‘ಅವನು ಹೇಗಿದ್ದಾನೆ?’ ಎಂದು ಕೇಳುತ್ತಿದ್ದರು. ರಾತ್ರಿಯಿಡೀ ಎದ್ದು ಕೂರುತ್ತಿದ್ದ ಅವನ ಹೆಂಡತಿಯನ್ನು ‘ನೀನು ಹೇಗಿದ್ದೀಯವ್ವ?’ ಎಂದು ಕೇಳಿದವರು ಕಡಿಮೆ.

ಒಂದು ದಿನ ಅವಳ ತೋಳು ಕಪ್ಪಗಾಗಿತ್ತು. ಬಾಗಿಲು ತಗುಲಿತು ಎಂದಳು. ಏಳನೇ ಕ್ಲಾಸಿನಲ್ಲಿದ್ದ ಅವಳ ಮಗಳು ನನ್ನ ಹಿಂದೆಯೇ ಬಚ್ಚಲ ಒಲೆಯ ಹತ್ತಿರ ಬಂದು, ಮೆಲ್ಲಗೆ, ‘ಅತ್ತೆ, ಅದು ಬಾಗಿಲು ತಗುಲಿದ್ದಲ್ಲ’ ಎಂದಳು.

ಆ ಮಗು ಅಂದು ಅಪ್ಪನ ಮೇಲೆ ಚಾಡಿ ಹೇಳಲಿಲ್ಲ. ಮೂರು ಜನರನ್ನೂ ಕಾಪಾಡಿತು. ವಿಷಯ ತಿಳಿದ ಮೇಲೆ ನಾವು ವೈದ್ಯರಿಗೆ ಮುಚ್ಚುಮರೆಯಿಲ್ಲದೆ ಹೇಳಿದೆವು. ಅವರು ಹೇಳಿದ ಒಂದು ಮಾತು ನಮ್ಮ ಮನೆಯ ನಿಯಮವಾಯಿತು: ಸಿಟ್ಟು ಯಾಕೆ ಬರುತ್ತದೆ ಎಂಬುದಕ್ಕೆ ಗಾಯ ಕಾರಣವಿರಬಹುದು, ಹಾಗೆಂದು ಹೊಡೆತ ತಿನ್ನುವುದು ಯಾರ ಕರ್ತವ್ಯವೂ ಅಲ್ಲ.

ಔಷಧಿ ಬದಲಾಯಿತು. ಕತ್ತಿ, ಮಚ್ಚು ಬೀಗದೊಳಗೆ ಹೋದವು. ಅವನ ದನಿ ಏರಿದರೆ ವಾದ ಮಾಡದೆ ತಾಯಿ, ಮಗಳು ನಮ್ಮ ಮನೆಗೆ ಬರಬೇಕು, ಯಾಕೆ ಬಂದಿರಿ ಎಂದು ನಾವು ಕೇಳಬಾರದು ಎಂದು ಮಾತಾಯಿತು. ವಾರಕ್ಕೆ ಎರಡು ದಿನ ನಾನು ತಮ್ಮನ ಜೊತೆ ಕೂತೆ. ಅವಳು ನಿದ್ದೆ ಮಾಡಿದಳು, ಸ್ತ್ರೀಶಕ್ತಿ ಸಂಘದ ಸಭೆಗೆ ಹೋದಳು. ದಿನದ ಕೆಲಸಗಳನ್ನು ಮಗಳು ಒಂದು ನೋಟ್‌ಬುಕ್ಕಿನಲ್ಲಿ ಒಂದರ ಕೆಳಗೊಂದು ಬರೆದಳು. ಮುಗಿದದ್ದಕ್ಕೆ ಅವನೇ ಗೆರೆ ಎಳೆಯುತ್ತಿದ್ದ. ಈಗ ಕಣದಲ್ಲಿ ಮೆಣಸು ಒಣಗಿಸುವುದು, ಹರವುವುದು, ಚೀಲ ಎಣಿಸುವುದು ಅವನದೇ ಕೆಲಸ. ಏಣಿ ಹತ್ತುವುದಿಲ್ಲ. ಸಿಟ್ಟು ಪೂರ್ತಿ ಹೋಗಿಲ್ಲ, ಆದರೆ ಅದು ಬರುವ ಮುಂಚೆ ತಾನೇ ಎದ್ದು ಜಗಲಿಗೆ ಹೋಗುವುದನ್ನು ಕಲಿತಿದ್ದಾನೆ.

ಎಲ್ಲ ಮನೆಗೂ ಅತ್ತೆ ಮನೆ ಹತ್ತಿರ ಇರುವುದಿಲ್ಲ. ಅದಕ್ಕೇ ಈ ಕೆಲವು ಸಂಖ್ಯೆಗಳನ್ನು ಕ್ಯಾಲೆಂಡರಿನ ಪಕ್ಕ ಬರೆದಿಡಿ. ಆಂಬುಲೆನ್ಸಿಗೆ 108. ತಕ್ಷಣದ ಅಪಾಯಕ್ಕೆ 112. ಮಹಿಳೆಯರಿಗೆ 181. ಮಕ್ಕಳಿಗೆ 1098. ಹಿರಿಯರಿಗೆ 14567, ಏಕೆಂದರೆ ವಯಸ್ಸಾದವರನ್ನು ಬೈಯುವುದು, ಹಸಿವಿನಲ್ಲಿ ಇಡುವುದು, ಪಿಂಚಣಿ ಕಿತ್ತುಕೊಳ್ಳುವುದು ಕೂಡ ದೌರ್ಜನ್ಯವೇ. ನೋಡಿಕೊಳ್ಳುವವರಿಗೆ ಮನಸ್ಸು ಕುಸಿದಾಗ ಮಾತನಾಡಲು 14416, ಟೆಲಿ-ಮಾನಸ್. 2022ರಲ್ಲಿ ಶುರುವಾದ ಈ ಸೇವೆ ಉಚಿತ, ಕನ್ನಡದಲ್ಲಿಯೇ ಮಾತನಾಡಬಹುದು.

ಮನೆಯೊಳಗಿನ ಹಿಂಸೆಯಿಂದ ಹೆಣ್ಣುಮಕ್ಕಳನ್ನು ರಕ್ಷಿಸಲು 2005ರ ಕಾನೂನಿದೆ. ಬೈಗುಳ, ಬೆದರಿಕೆ, ಖರ್ಚಿಗೆ ಕಾಸು ಕೊಡದಿರುವುದು ಕೂಡ ಅದರಲ್ಲಿ ಹಿಂಸೆ ಎಂದೇ ಲೆಕ್ಕ. ತಾಲ್ಲೂಕು ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಯಿಂದ ಹೆಣ್ಣುಮಕ್ಕಳಿಗೆ ವಕೀಲರ ನೆರವು ಉಚಿತ. ಪೆಟ್ಟಿನಿಂದ ನಡಿಗೆಗೋ ಮಾತಿಗೋ ಶಾಶ್ವತ ತೊಂದರೆಯಾಗಿದ್ದರೆ ಯುಡಿಐಡಿ ಕಾರ್ಡಿನ ಬಗ್ಗೆ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಿದುಳಿಗೆ ಪೆಟ್ಟಾದವರಿಗೆ ನಡಿಗೆ, ಮಾತು, ನೆನಪನ್ನು ಮತ್ತೆ ಅಭ್ಯಾಸ ಮಾಡಿಸುವ ಪುನರ್ವಸತಿ ವಿಭಾಗವೇ ಇದೆ.

ಇನ್ನು ಬಿದ್ದ ಕ್ಷಣದ ಮಾತು. ಅಜ್ಜ ಅಜ್ಜಿಯರೇ, ತಲೆಗೆ ಪೆಟ್ಟಾದವರನ್ನು ಎಬ್ಬಿಸಿ ಕೂರಿಸಿ ನೀರು, ಕಾಫಿ ಕುಡಿಸುವುದು ನಮ್ಮ ಹಳೇ ಅಭ್ಯಾಸ. ಅದು ಬೇಡ. ಕುತ್ತಿಗೆ ತಿರುಚದೆ ಅಲುಗಾಡದಂತೆ ಮಲಗಿಸಿ. ವಾಂತಿ ಬಂದರೆ ತಲೆ, ಮೈ ಒಟ್ಟಿಗೆ ಪಕ್ಕಕ್ಕೆ ಹೊರಳಿಸಿ. ವಾಂತಿ, ಹೆಚ್ಚುವ ತಲೆನೋವು, ಮಂಪರು, ಫಿಟ್ಸ್, ಕಿವಿ ಮೂಗಿನಿಂದ ರಕ್ತ ಅಥವಾ ನೀರು — ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯಬೇಡಿ. ಮಕ್ಕಳೇ, ಬೈಕಿನಲ್ಲಿ ಹಿಂದೆ ಕೂರುವಾಗಲೂ ಹೆಲ್ಮೆಟ್ ಹಾಕಿ, ಅದರ ಪಟ್ಟಿ ಬಿಗಿಯಿರಿ.

ಮನೆಯಲ್ಲಿ ಯಾರಾದರೂ ಹೊಡೆಯುತ್ತಿದ್ದರೆ, ಅದನ್ನು ಯಾರಿಗೂ ಹೇಳಬೇಡ ಎಂದು ಹೆದರಿಸಿದ್ದರೂ, ನಿಮಗೆ ನಂಬಿಕೆಯಿರುವ ಒಬ್ಬ ದೊಡ್ಡವರಿಗೆ ಹೇಳಿ. ಅವರು ಕೇಳದಿದ್ದರೆ ಇನ್ನೊಬ್ಬರಿಗೆ ಹೇಳಿ. ಹಿರಿಯರೇ, ಮಗು ಹಾಗೆ ಮೆಲ್ಲಗೆ ಬಂದು ಹೇಳಿದಾಗ, ‘ಮನೆ ವಿಷಯ ಹೊರಗೆ ಹೇಳಬಾರದು’ ಎಂದು ಬಾಯಿ ಮುಚ್ಚಿಸಬೇಡಿ. ಕೈಲಿದ್ದ ಕೆಲಸ ಬಿಟ್ಟು ಕೂತು ಪೂರ್ತಿ ಕೇಳಿ.