ಪಾಂಡುವಿನ ಪೆಟ್ಟು, ನಮ್ಮ ಮನೆಯ ನಗು

ನಗುವಿನಲ್ಲಿ ಎರಡು ಬಗೆಗಳುಂಟು. ಒಬ್ಬರನ್ನು ನೋಡಿ ನಗುವುದು ಒಂದು. ಒಬ್ಬರೊಡನೆ ಕೂಡಿ ನಗುವುದು ಇನ್ನೊಂದು. ಮೊದಲನೆಯದು ಸುಲಭ. ದಾರಿಯಲ್ಲಿ ಯಾರಾದರೂ ಜಾರಿ ಬಿದ್ದರೆ ಸಾಕು. ಎರಡನೆಯದಕ್ಕೆ ಮಾತ್ರ ಮನೆ ಬೇಕು, ಮಂದಿ ಬೇಕು, ಹಸನಾದ ಮನಸ್ಸು ಬೇಕು. ಈ ಭೇದವನ್ನು ನಾವು ಯಾವ ಗ್ರಂಥದಿಂದಲೂ ಕಲಿತವರಲ್ಲ, ಟಿ.ವಿ. ಪೆಟ್ಟಿಗೆಯ ಮುಂದೆ ಕುಳಿತು ಕಲಿತವರು. ಕಲಿಸಿದ ಗುರುವೆಂದರೆ ಹೆಂಡತಿಯ ಕೈಯಲ್ಲಿ ಪೆಟ್ಟು ತಿಂದೇ ಹೆಸರಾದ 'ಪಾಪ ಪಾಂಡು'.

ನಮ್ಮ ಬೀದರಿನ ಮನೆಗಳಿಗೆ ನಗೆ ಧಾರಾವಾಹಿಗಳು ಮೊದಲು ಬಂದದ್ದು ಕನ್ನಡದಲ್ಲಲ್ಲ. 1984ರಲ್ಲಿ ದೂರದರ್ಶನವು 'ಯೇ ಜೋ ಹೈ ಜಿಂದಗಿ' ಎಂಬ ಹಿಂದಿ ಧಾರಾವಾಹಿಯನ್ನು ಪ್ರಸಾರ ಮಾಡಿತು. ಶಫಿ ಇನಾಮದಾರ್, ಸ್ವರೂಪ್ ಸಂಪತ್, ರಾಕೇಶ್ ಬೇಡಿ ಅವರ ಸಂಸಾರ. ಸತೀಶ್ ಶಾ ಅವರಂತೂ ಕಂತಿಗೊಂದು ಹೊಸ ವೇಷ. ಉರ್ದು ಮಾತು ಕಿವಿಗೆ ರೂಢಿಯಾಗಿದ್ದ ಬೀದರಿಗೆ ಹಿಂದಿ ತೊಡಕಾಗಲಿಲ್ಲ. ಆದರೆ ನಮ್ಮ ಆಯಿಗೆ ಮಾತ್ರ ಪ್ರತಿ ಮಾತಿನ ಅರ್ಥ ಹೇಳಬೇಕಾಗುತ್ತಿತ್ತು. ಅರ್ಥ ಹೇಳಿ ಮುಗಿಸುವಷ್ಟರಲ್ಲಿ ನಗು ಆರಿ ತಣ್ಣಗಾಗಿರುತ್ತಿತ್ತು. ತಣ್ಣಗಾದ ಜೋಳದ ರೊಟ್ಟಿಯನ್ನಾದರೂ ಹಾಲಿನಲ್ಲಿ ನೆನೆಸಿ ತಿನ್ನಬಹುದು. ತಣ್ಣಗಾದ ನಗುವನ್ನು ಏನು ಮಾಡಲು ಬಂದೀತು?

2000ದ ಡಿಸೆಂಬರಿನಲ್ಲಿ ಈಟಿವಿ ಕನ್ನಡ ವಾಹಿನಿ ಆರಂಭವಾಯಿತು. 2015ರಲ್ಲಿ ಅದಕ್ಕೆ ಕಲರ್ಸ್ ಕನ್ನಡವೆಂಬ ಹೆಸರಾಯಿತು. ಅದರ ಮೊದಲ ವರ್ಷಗಳಲ್ಲಿ ಸಿಹಿಕಹಿ ಚಂದ್ರು ಅವರ 'ಪಾಪ ಪಾಂಡು' ಬಂದಿತು. ಪಾಂಡುವಾಗಿ ಚಿದಾನಂದ, ಅವನ ಪತ್ನಿ ಶ್ರೀಮತಿಯಾಗಿ ಶಾಲಿನಿ. ವಿಜಯಪ್ರಸಾದ್ ಅವರ 'ಸಿಲ್ಲಿ ಲಲ್ಲಿ'ಯೂ ಅದೇ ಕಾಲದ್ದು. ಅದರಲ್ಲಿ ಮಂಜುಭಾಷಿಣಿಯವರು ಸಮಾಜ ಸೇವಕಿ ಲಲಿತಾಂಬೆ, ರವಿಶಂಕರ್ ಅವರು ಡಾಕ್ಟರ್ ವಿಠಲರಾವ್. ಈ ವಾಹಿನಿ ಹೈದರಾಬಾದಿನ ರಾಮೋಜಿರಾವ್ ಅವರ ಸಂಸ್ಥೆಗೆ ಸೇರಿತ್ತು. ಬೆಂಗಳೂರು ನಮಗೆ ಸುಮಾರು 700 ಕಿಲೋಮೀಟರು ದೂರ, ಹೈದರಾಬಾದು 150ರೊಳಗೆ. ಹೀಗಾಗಿ ಬೆಂಗಳೂರಿನ ಕನ್ನಡವು ಹೈದರಾಬಾದಿನ ದಾರಿ ಹಿಡಿದು ಬೀದರಿಗೆ ಬಂದಂತಾಯಿತು. ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದ ಭಾಲ್ಕಿಯ ಡಾ. ಚನ್ನಬಸವ ಪಟ್ಟದ್ದೇವರು 1999ರಲ್ಲಿ ಲಿಂಗೈಕ್ಯರಾಗಿದ್ದರು. ಮುಚ್ಚಿಟ್ಟು ಕಲಿಯಬೇಕಾಗಿದ್ದ ಭಾಷೆ ಆ ಹೈದರಾಬಾದಿನಿಂದಲೇ ನಗುನಗುತ್ತ ಮನೆಯೊಳಗೆ ಬರುವುದನ್ನು ಕಂಡಿದ್ದರೆ ಅವರು ಎಷ್ಟು ಹಿಗ್ಗುತ್ತಿದ್ದರೋ!

ಇನ್ನು ಕಂತುಗಳ ವಿಮರ್ಶೆ. ಪಾಂಡು ಏನಾದರೊಂದು ಎಡವಟ್ಟು ಮಾಡುವನು, ಅದನ್ನು ಮುಚ್ಚಲು ಹೋಗಿ ಮತ್ತೊಂದು ಮಾಡುವನು, ಶ್ರೀಮತಿಗೆ ತಿಳಿಯುವುದು, ಪೆಟ್ಟು ಬೀಳುವುದು. ಇಷ್ಟೇ ಕತೆ. ಮರುದಿನ ಹೊಸ ಎಡವಟ್ಟು, ಹಳೆಯ ಪೆಟ್ಟು. ಮುಂದೇನಾಗುವುದೆಂದು ಎಲ್ಲರಿಗೂ ಗೊತ್ತು, ಪಾಂಡುವಿಗೂ ಗೊತ್ತು. ಆದರೂ ನೋಡುವವರಿಗೆ ಬೇಸರವಿಲ್ಲ, ತಿನ್ನುವವನಿಗೂ ಬೇಸರವಿಲ್ಲ. ನಮ್ಮ ಕಡೆ 'ಬಡಿಯುವುದು' ಎಂದೊಡನೆ ನೆನಪಾಗುವುದು ರೊಟ್ಟಿ. ಬಡಿದಷ್ಟೂ ರೊಟ್ಟಿ ಅಗಲವಾಗುವುದು, ಹೆಂಚಿನ ಮೇಲೆ ಉಬ್ಬುವುದು. ಪಾಂಡುವೂ ಜೋಳದ ಹಿಟ್ಟಿನ ಜಾತಿಗೆ ಸೇರಿದವನೆಂಬುದು ನಮ್ಮ ಮನೆಯ ತೀರ್ಮಾನವಾಗಿತ್ತು.

ನಾವು ಗಂಡಸರು ಹೊಟ್ಟೆ ಹಿಡಿದು ನಗುತ್ತಿದ್ದ ಒಂದು ಸಂಜೆ ಆಯಿ ಒಂದು ಮಾತು ಆಡಿದಳು: "ಗಂಡ ಹೊಡಸ್ಕೊಂಡ್ರ ಭಾಳ ನಗ್ಲತ್ತೀರಿ. ನಮ್ಮೂರಾಗ ಗಂಡನ ಕೈಲಿಂದ ಹೊಡಸ್ಕೊಂಡಾಕಿ ನಕ್ಕಿದ್ದು ನಾ ಒಂದಿನಾನೂ ನೋಡಿಲ್ಲಪ್ಪಾ."

ಮನೆ ಸುಮ್ಮನಾಯಿತು. ಟಿ.ವಿ. ಮಾತ್ರ ನಗುತ್ತಿತ್ತು. ಆಯಿ ಧಾರಾವಾಹಿಯನ್ನು ಹಳಿಯಲಿಲ್ಲ. ಮರುದಿನ ಎಲ್ಲರಿಗಿಂತ ಮೊದಲು ಬಂದು ಕುಳಿತವಳು ಅವಳೇ. ಆದರೆ ಪಾಂಡುವಿನ ಪೆಟ್ಟು ಏಕೆ ನಗಿಸುತ್ತದೆಂಬುದು ಅಂದು ನಮಗೆ ತಿಳಿಯಿತು. ಅವನು ಕತೆಯ ನಾಯಕ. ಪೆಟ್ಟು ತಿಂದೂ ಮರುದಿನ ಎದ್ದು ಬರುವವನು. ನಗು ಅವನ ಸೊತ್ತು. ನಾವು ಅವನೊಡನೆ ನಗುತ್ತೇವೆ. ಹೊಡೆಸಿಕೊಂಡವರಿಗೆ ನಗುವಿನಲ್ಲಿ ಪಾಲಿಲ್ಲದಿದ್ದರೆ ಅದು ಹಾಸ್ಯವಲ್ಲ, ಹಿಂಸೆ.

ಇದೇ ಅಳತೆಗೋಲಿನಿಂದ ಇನ್ನೊಂದು ಸಂಗತಿಯನ್ನೂ ಅಳೆಯಬೇಕು. ಆ ದಿನಗಳಲ್ಲಿ ವಿದ್ಯುತ್ತು ಸರಿಯಾಗಿ ಶ್ರೀಮತಿ ಕೈ ಎತ್ತುವ ಹೊತ್ತಿಗೆ ಹೋಗುತ್ತಿತ್ತು. ಬೀದರಿನಲ್ಲಿ ಕತ್ತಲಾದಾಗ ಭಾಲ್ಕಿಯಲ್ಲಿ ಬೆಳಕಿದ್ದರೆ ನಮ್ಮ ಪುಣ್ಯ. ಕೂಡಲೇ ಭಾಲ್ಕಿಯ ಅತ್ತಿಗೆಯವರಿಗೆ ಫೋನು. ಅವರು ಕತೆಯನ್ನು ತಮ್ಮದೇ ಮಾತಿನಲ್ಲಿ ಹೇಳುವರು: "ಆಕಿ ಕೇಳ್ಲತ್ತಾಳ, ಅಂವ ಸುಳ್ಳ್ ಹೇಳ್ಲತ್ತಾನ. ಈಗ ಬಿತ್ತ್ ನೋಡ್ರಿ ಒಂದ್!" ಬೆಂಗಳೂರಿನ ಪಾಂಡು ಅವರ ಬಾಯಲ್ಲಿ ಭಾಲ್ಕಿಯ ಗಂಜಿನ ವ್ಯಾಪಾರಿಯಾಗಿಬಿಡುತ್ತಿದ್ದ. ಕಣ್ಣಾರೆ ಕಂಡ ಕಂತಿಗಿಂತ ಕಿವಿಯಾರೆ ಕೇಳಿದ ಕಂತೇ ಹೆಚ್ಚು ನಗಿಸಿತೆಂದು ಸಾಕ್ಷಿ ಹೇಳಲು ನಮ್ಮ ಮನೆಮಂದಿಯೆಲ್ಲ ಸಿದ್ಧರಿದ್ದಾರೆ.

ಔರಾದಿನಲ್ಲಿ ನಡೆದದ್ದು ಇದಕ್ಕೆ ತಿರುವುಮುರುವು. ಅಲ್ಲಿಯ ನಮ್ಮ ಕಾಕಾನ ಮನೆಗೆ ಉದಗೀರ ಕಡೆಯಿಂದ ಸೊಸೆ ತಂದಿದ್ದರು, ಮನೆಮಾತು ಮರಾಠಿ. ಆ ಹುಡುಗಿ ಪಾಂಡು ಮತ್ತು ಲಲ್ಲಿಯರನ್ನು ನೋಡಿಯೇ ಆರು ತಿಂಗಳಲ್ಲಿ ಕನ್ನಡ ಕಲಿತಳು. ಒಂದು ದಿನ ಅತ್ತೆಗೆ, "ಏನ್ರೀ ಅತ್ತೆ, ಊಟ ಮಾಡ್ತೀರಾ? ಆಮೇಲೆ ಮಾಡ್ತೀರಾ?" ಎಂದಳಂತೆ. ಕಾಕೂ ಗಾಬರಿಯಾಗಿ, "ನಮ್ಮ ಸೊಸಿ ತಹಶೀಲ್ದಾರರ ಹಾಂಗ ಮಾತಾಡ್ಲತ್ತಾಳ" ಎಂದು ಓಣಿಗೆಲ್ಲ ಹೇಳಿ ಬಂದರು. ನಾವು ನಕ್ಕೆವು; ಸೊಸೆಯೂ ನಕ್ಕಳು. ಅವಳಿಗೆ ಕನ್ನಡ ಬಂದಿತ್ತಲ್ಲ, ಅದು ದೊಡ್ಡದು.

ಆದರೆ ರಜೆಗೆ ಬಂದ ಬೆಂಗಳೂರಿನ ಮೊಮ್ಮಗನೊಬ್ಬ ಆಯಿಯ ಮಾತು ಕೇಳಿ, "ಅಜ್ಜಿ ಕಾಮಿಡಿ ಆಗಿ ಮಾತಾಡ್ತಾರೆ" ಎಂದು ಬಿದ್ದು ಬಿದ್ದು ನಕ್ಕಾಗ ನಮಗೆ ನಗಲಾಗಲಿಲ್ಲ. ತಪ್ಪು ಮಗುವಿನದಲ್ಲ. ಎಷ್ಟೋ ಚಿತ್ರಗಳಲ್ಲಿ, ಧಾರಾವಾಹಿಗಳಲ್ಲಿ ನಮ್ಮ ಕಡೆಯ ಮಾತನ್ನು ಆಡುವವನು ಮನೆಯ ಆಳು ಇಲ್ಲವೇ ಹಾದಿತಪ್ಪಿದ ಹಳ್ಳಿಗ. ಅವನು ಬಾಯಿ ತೆರೆದರೆ ಸಾಕು, ಉಳಿದವರು ನಗಬೇಕು. ಪಾಂಡುವಿಗೆ ಮೈಮೇಲೆ ಬಿದ್ದ ಪೆಟ್ಟು ಇಲ್ಲಿ ಮಾತಿನ ಮೇಲೆ ಬೀಳುತ್ತದೆ; ಪಾಂಡುವಿಗಿದ್ದ ನಾಯಕ ಪದವಿ ಮಾತ್ರ ಇಲ್ಲ. ಆಯಿ ಅಂದು ಮೊಮ್ಮಗನೆದುರು ಹೆಚ್ಚು ಮಾತಾಡಲಿಲ್ಲ. ಕತೆಗಳ ಗಂಟನ್ನೇ ಹೊತ್ತಿದ್ದವಳು ಬಿಚ್ಚದೆ ಕುಳಿತಳು. ನಷ್ಟ ಯಾರದೆಂದು ವಾಚಕರೇ ಹೇಳಲಿ.

ನಮ್ಮ ಮಾತಿಗೆ ನಗಿಸುವ ಕಸುವಿಲ್ಲವೆನ್ನುವಂತಿಲ್ಲ. ಗಂಗಾವತಿ ಪ್ರಾಣೇಶರು ಈ ಸೀಮೆಯ ಮಾತಿನಲ್ಲೇ ನಾಡನ್ನೆಲ್ಲ ನಗಿಸಿದ್ದಾರೆ. ಜನ ನಗುವುದು ಅವರ ಮಾತನ್ನು ಕಂಡಲ್ಲ, ಅವರೊಡನೆ. ಭಾಲ್ಕಿಯ ಅತ್ತಿಗೆಯವರಿಗೆ ವೇದಿಕೆ ಇರಲಿಲ್ಲ, ಫೋನು ಇತ್ತು, ಅಷ್ಟೇ ಅಂತರ.

2018ರಲ್ಲಿ ಪಾಂಡು ಕಲರ್ಸ್ ಸೂಪರ್ ವಾಹಿನಿಯಲ್ಲಿ ಮರಳಿ ಬಂದನು. ಈಗ ಹಳೆಯ ಕಂತುಗಳು ಮೊಬೈಲಿನಲ್ಲೇ ಸಿಗುತ್ತವೆ. ವಿದ್ಯುತ್ತು ಹೋದರೂ ಕಂತು ತಪ್ಪುವುದಿಲ್ಲ. ಮನೆಯಲ್ಲಿ ಐವರಿದ್ದರೆ ಐದು ಪರದೆ, ಐದು ಮೂಲೆ, ಐದು ನಗು. ಒಬ್ಬರು ನಕ್ಕರೆ ಉಳಿದವರು ತಲೆ ಎತ್ತಿ ನೋಡುವುದಿಲ್ಲ. ಆದ್ದರಿಂದ ನಮ್ಮದೊಂದು ಬಿನ್ನಹ. ಒಳ್ಳೆಯ ಕಂತೊಂದನ್ನು ನೋಡಿದಿರಾದರೆ ರಾತ್ರಿ ಊಟಕ್ಕೆ ಕುಳಿತಾಗ ಮನೆಯ ಹಿರಿಯರಿಗೆ ಅದನ್ನು ಹೇಳಿರಿ. ಅವರಿಂದ ಒಂದು ಹಳೆಯ ಕತೆಯನ್ನು ಕೇಳಿ ಪಡೆಯಿರಿ. ಟಿ.ವಿ.ಯ ಮಾತಿನಲ್ಲಿ ಬೇಡ, ಮನೆಯ ಮಾತಿನಲ್ಲಿ ಹೇಳಿರಿ. ಪಾಂಡು ಬೀದರಿನವನಾಗಲಿ, ಭಾಲ್ಕಿಯವನಾಗಲಿ, ಔರಾದಿನವನಾಗಲಿ. ಪೆಟ್ಟು ತಿನ್ನಲು ಅವನು ಯಾವ ಊರಿಗಾದರೂ ಬರುವನು.