ಎಳ್ಳಮಾಸಿಯ ದಿನ ಮುರಿದ ಕಡ್ಡಿ

ವಾಡಿಯವರಾದ ನಮಗೆ ದೂಳು ಹೊಸದಲ್ಲ. ಬೆಳಿಗ್ಗೆ ಒರೆಸಿಟ್ಟ ಸೈಕಲ್ಲಿನ ಸೀಟಿನ ಮೇಲೆ ಸಂಜೆಗೆ ಬೆರಳಿನಿಂದ ಹೆಸರು ಬರೆಯಬಹುದು. ಇಂಥ ಊರಿನಲ್ಲಿ ಬಾಗಿದ ಹ್ಯಾಂಡಲ್ಲಿನ, ಸಪೂರ ಟೈರಿನ ರೋಡ್ ಬೈಕ್ ಇಟ್ಟುಕೊಂಡವನು ನಾನು. ಮೂರು ವರ್ಷದ ಹಿಂದೆ ಸಕ್ಕರೆ ಕಾಯಿಲೆ ಕಾಣಿಸಿಕೊಂಡಾಗ ಡಾಕ್ಟರು ನಡೀರಿ ಅಂದರು. ನನಗೆ ನಡೆಯೋದು ಬೇಜಾರು, ಅದಕ್ಕೇ ಸೆಕೆಂಡ್ ಹ್ಯಾಂಡ್ ಸೈಕಲ್ ತಂದು ತುಳಿಯತೊಡಗಿದೆ.

ಈ ಹುಚ್ಚು ಹತ್ತಿದವರಿಗೆ ಮುಂದಿನ ಆಸೆ ಗಾಲಿಯದು. ಫ್ರೇಮು ಹಾಗೇ ಇಟ್ಟು ಗಾಲಿ ಬದಲಿಸಿದರೆ ಸೈಕಲ್ಲೇ ಹೊಸದಾಗುತ್ತದೆ ಅಂತ ಬಲ್ಲವರು ಹೇಳುತ್ತಾರೆ. ಬೋನಸ್ಸಿನಲ್ಲಿ 15,000 ರೂಪಾಯಿ ತೆಗೆದಿಟ್ಟೆ. ಮನೆಯಾಕಿ, "ಎರಡು ಗಾಲಿಗಿ ಹದಿನೈದು ಸಾವಿರಾ? ಇಷ್ಟು ರೊಕ್ಕದಾಗ ಫ್ರಿಜ್ಜೇ ಬರ್ತದಲ್ಲ!" ಅಂದಳು. ನಮ್ಮ ಫ್ರಿಜ್ಜು ಆಗಲೇ ಗುರುಗುಡುತ್ತಿತ್ತು, ಆಕೆ ಹೇಳಿದ್ದರಲ್ಲಿ ತಪ್ಪಿರಲಿಲ್ಲ.

ನನ್ನ ಮನಸ್ಸಿನಲ್ಲಿದ್ದದ್ದು ಅಗಲವಾದ ಕರಿ ರಿಮ್ಮಿನ, ಕಡ್ಡಿ ಕಡಿಮೆಯಿರುವ ಹಗುರ ಗಾಲಿ. ಟಿ.ವಿ.ಯಲ್ಲಿ ಫ್ರಾನ್ಸಿನ ರೇಸಿನಲ್ಲಿ ಓಡುತ್ತವಲ್ಲ, ಅಂಥದ್ದು. ದಿನಾ ಬೆಳಿಗ್ಗೆ ಶಹಾಬಾದಿನ ಕಡೆ ಹೋಗಿ ಬರುವಾಗ ಅದೇ ಗುಂಗು. ಆ ದಾರಿಯಲ್ಲಿ ಫರ್ಸಿ ಕಲ್ಲು ಹೇರಿಕೊಂಡ ಟ್ರ್ಯಾಕ್ಟರುಗಳು ಸಾಲಾಗಿ ಬರುತ್ತವೆ. ನೆಲದಡಿ ಪದರಪದರವಾಗಿರುವ ಸುಣ್ಣದ ಕಲ್ಲನ್ನು ಹಪ್ಪಳದಂತೆ ಬಿಡಿಸಿ, ಕತ್ತರಿಸಿ ಕಳಿಸುತ್ತಾರೆ. ಅದರ ಚೂರು ರಸ್ತೆಯಲ್ಲಿ ಬಿದ್ದಿರುತ್ತವೆ, ಅಂಚು ಬ್ಲೇಡಿನಷ್ಟು ಚೂಪು. ಎರಡು ಟೈರು ಅಲ್ಲೇ ಸೀಳಿಸಿಕೊಂಡಿದ್ದೆ. ಆದರೂ ಬುದ್ಧಿ ಬಂದಿರಲಿಲ್ಲ.

ಅಕ್ಕನ ಮನೆ ಚಿಂಚೋಳಿಯ ಹತ್ತಿರ. ಭಾವ ತೀರಿಕೊಂಡ ಮೇಲೆ ಅದು ಮೊದಲ ಎಳ್ಳಮಾಸಿ. ಈ ಸಲ ಹೊಲದಲ್ಲಿ ನೀನೇ ಚರಗ ಚೆಲ್ಲಬೇಕು ಅಂತ ಹೇಳಿಕಳಿಸಿದ್ದಳು. ಸೈಕಲ್ ಮೇಲೆ ಹನ್ನೊಂದರೊಳಗೆ ಬರ್ತೀನಿ ಅಂತ ಜಂಬದಿಂದ ಹೇಳಿ, ನಸುಕಿನಲ್ಲೇ ಹೊರಟೆ. ದೂರ ಎಂಬತ್ತು ಕಿಲೋಮೀಟರಿಗೂ ಮೇಲೆ.

ಚಿತ್ತಾಪುರದಲ್ಲಿ ಚಹಾ ಕುಡಿದೆ. ಎರಡೂ ಬದಿ ಕರಿ ನೆಲ, ಜೋಳ, ಕಡಲೆ, ಕೊಯ್ಲಿಗೆ ಬಂದ ತೊಗರಿ. ಮಂದಿ ಎತ್ತಿನ ಗಾಡಿ, ಟಂಟಂಗಳಲ್ಲಿ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೊರಟಿದ್ದರು. ಮಳಖೇಡ ಇನ್ನೇನು ಬಂತು ಅನ್ನುವಾಗ ಸಿಮೆಂಟ್ ಲಾರಿಯೊಂದಕ್ಕೆ ದಾರಿ ಬಿಡಲು ಪಕ್ಕಕ್ಕೆ ಸರಿದೆ. ಗಾಲಿ ತಗ್ಗಿಗೆ ಇಳಿಯಿತು. ಟಣ್ ಅಂತ ಸದ್ದು. ಹಿಂದಿನ ಗಾಲಿಯ ಕಡ್ಡಿ ಹಬ್ಬಿನ ಬುಡದಲ್ಲೇ ಮುರಿದಿತ್ತು. ರಿಮ್ಮು ಹಾವಿನಂತೆ ಓಲಾಡಿ ಬ್ರೇಕಿಗೆ ಉಜ್ಜಿ ನಿಂತೇಬಿಟ್ಟಿತು.

ಮಳಖೇಡ ಅಂದರೆ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಅಮೋಘವರ್ಷ ನೃಪತುಂಗ ಆಳಿದ ಊರು. ಕಾಗಿಣಾ ದಂಡೆಯ ಕೋಟೆ ನೋಡಬೇಕೆಂದು ಎಷ್ಟೋ ಸಲ ಅಂದುಕೊಂಡಿದ್ದೆ. ಅವತ್ತು ಕಣ್ಣಿಗೆ ಬಿದ್ದದ್ದು ರಸ್ತೆ ಬದಿಯ ತಗಡಿನ ಸೈಕಲ್ ಅಂಗಡಿ ಮಾತ್ರ. ಅಂಗಡಿಯ ಅಜ್ಜ ಗಾಲಿ ತಿರುಗಿಸಿ, ಕಡ್ಡಿ ಎಣಿಸಿ ನಕ್ಕ.

"ಇಪ್ಪತ್ತನಾಕೇ ಕಡ್ಡಿ ಏನ್ರಿ ಸರ? ಕಂಪನಿಯವ್ರು ಉಳಿಸ್ಕೊಂಡಾರೇನು?"

ಮುರಿದದ್ದು ಗಿಯರ್ ಇರುವ ಬದಿಯ ಕಡ್ಡಿ. ಅದನ್ನು ಹಾಕಲು ಗಿಯರ್ ಚಕ್ರಗಳನ್ನು ಬಿಚ್ಚಬೇಕು, ಬಿಚ್ಚಲು ಬೇರೆಯೇ ಪಾನಾ ಬೇಕು. ನನ್ನದು ಚಪ್ಪಟೆ ಕಡ್ಡಿ ಬೇರೆ. "ಸೇಡಂದಾಗೂ ಸಿಗಂಗಿಲ್ರಿ ಇದು" ಅಂದ. ರಿಮ್ಮನ್ನು ನೆಟ್ಟಗೆ ಹಿಡಿದಿರುವುದು ಎಡಬಲದ ಕಡ್ಡಿಗಳ ಜಗ್ಗಾಟ. ಒಂದು ಹೋದರೆ ಎದುರಿನದು ತನ್ನ ಕಡೆ ಎಳೆದುಕೊಳ್ಳುತ್ತದೆ. ಕಡ್ಡಿ 32 ಇದ್ದರೆ ಉಳಿದವು ಸಂಭಾಳಿಸುತ್ತವೆ, 24 ಇದ್ದಾಗ ಕಷ್ಟ. ಅಜ್ಜ ಎದುರು ಬದಿಯ ಎರಡು ಕಡ್ಡಿ ಸಡಿಲಿಸಿ, ಸೀಮೆಸುಣ್ಣ ಹಿಡಿದು ಬೆಂಡ್ ನೋಡಿ, ಗಾಲಿ ಹೇಗೋ ತಿರುಗುವಂತೆ ಮಾಡಿದ. ಹಿಂದಿನ ಬ್ರೇಕು ಬಿಚ್ಚಿಟ್ಟ. ಮೆಲ್ಲಗೆ ಸೇಡಂ ಮುಟ್ಟಿದೆ. ಪರಿಚಯದವರ ಮನೆಯಲ್ಲಿ ಸೈಕಲ್ ಒಗೆದು ಬಸ್ ಹತ್ತಿದೆ.

ಹೊಲ ಮುಟ್ಟಿದಾಗ ಎರಡು ಗಂಟೆ ದಾಟಿತ್ತು. ಪಕ್ಕದ ಹೊಲದ ಹುಡುಗ ಚರಗ ಚೆಲ್ಲಿ ಮುಗಿಸಿದ್ದ. ಎಲ್ಲರೂ ಉಂಡಿದ್ದರು, ಅಕ್ಕ ಉಂಡಿರಲಿಲ್ಲ. ಸಜ್ಜಿ ರೊಟ್ಟಿ, ಭಜ್ಜಿ ಪಲ್ಯ ನನ್ನ ಮುಂದಿಟ್ಟು, "ಲಾರಿ ಕೆಳಗ ಸಿಕ್ಕಿ ಅಂತ ತಿಳ್ಕೊಂಡಿದ್ನೋ ತಮ್ಮಾ" ಅಂದಳು, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಮರಳಿ ಬಂದವನೇ ಲೆಕ್ಕಕ್ಕೆ ಕೂತೆ. ನಾನು 70 ಕಿಲೋ, ಸೈಕಲ್ 11, ನೀರು ಸಾಮಾನು 3. ಒಟ್ಟು 84. ಹಗುರ ಗಾಲಿಯಿಂದ ಉಳಿಯುವುದು ಹೆಚ್ಚೆಂದರೆ 300 ಗ್ರಾಂ, ಅಂದರೆ 280ರಲ್ಲಿ ಒಂದು ಪಾಲು. ಕಾಲು ಲೀಟರಿಗಿಂತ ತುಸು ಹೆಚ್ಚು ನೀರು ಕುಡಿದರೆ ಅಷ್ಟು ಮರಳಿ ಬಂತು. ಗಾಳಿ ಸೀಳುವ ಅಗಲ ರಿಮ್ಮಿನ ಲಾಭ ಜೋರಾಗಿ ಓಡಿಸುವವರಿಗೆ. ನನ್ನದು ಗಂಟೆಗೆ 22. ಮೇಲಾಗಿ ಬಯಲಿನಲ್ಲಿ ಅಡ್ಡಗಾಳಿ ಬೀಸಿದರೆ ಆ ರಿಮ್ಮು ಪಟದಂತೆ ತಳ್ಳುತ್ತದೆ. ನನ್ನ ಸೈಕಲ್ಲಿನದು ರಿಮ್ ಹಿಡಿಯುವ ಬ್ರೇಕು. ನಮ್ಮ ದೂಳು ಮಳೆಗಾಲದಲ್ಲಿ ಕೆಸರಾಗಿ ಬ್ರೇಕಿನ ರಬ್ಬರಿಗೆ ಮೆತ್ತಿ, ಅರದಂತೆ ರಿಮ್ಮು ತೇಯುತ್ತದೆ. ತೇಯುವ ವಸ್ತುವಿಗೆ ದುಬಾರಿ ದುಡ್ಡು ಯಾಕೆ?

ಕಡೆಗೆ ಹೈದರಾಬಾದಿನಲ್ಲಿ ಕೈಯಲ್ಲೇ ಗಾಲಿ ಕಟ್ಟುವವರೊಬ್ಬರನ್ನು ಹಿಡಿದೆ. ಅಲ್ಯೂಮಿನಿಯಂ ರಿಮ್ಮು, ಮುಂದೆ 28, ಹಿಂದೆ 32 ಕಡ್ಡಿ, ಎಲ್ಲವೂ ಸಾದಾ ಗುಂಡು ಸ್ಟೀಲಿನವು, ದೂಳು ಹೋಗದಂಥ ಸೀಲ್ಡ್ ಬೇರಿಂಗಿನ ಹಬ್ಬು. ರಿಮ್ಮು ತೇದರೆ ಅದನ್ನಷ್ಟೇ ಬದಲಿಸಿ ಹಬ್ಬು ಉಳಿಸಿಕೊಳ್ಳಬಹುದು. ಕೊಳ್ಳುವವರು ಒಂದು ಮಾತು ನೆನಪಿಡಿ: ಮೊದಲು ಹಿಂದಿನ ಫೋರ್ಕಿನ ಅಗಲ ಅಳೆಯಿರಿ. ರಿಮ್ ಬ್ರೇಕಿನ ರೋಡ್ ಬೈಕಿಗೆ ಸಾಮಾನ್ಯವಾಗಿ 130 ಮಿಲಿಮೀಟರು. ಡಿಸ್ಕ್ ಬ್ರೇಕಿನ ಗಾಲಿ ಅಗ್ಗಕ್ಕೆ ಸಿಕ್ಕಿತೆಂದು ತಂದರೆ ಕೂಡುವುದಿಲ್ಲ. ನನ್ನದು 9 ಗಿಯರು, ಹಬ್ಬು 11ರದ್ದು. 1.85 ಮಿಲಿಮೀಟರಿನ ಒಂದು ಬಳೆ ಹಾಕಿದ್ದಕ್ಕೆ ಹಳೇ ಗಿಯರೇ ಕೂತಿತು.

ಗಾಲಿಗೆ 11,400 ಆಯಿತು. ಉಳಿದದ್ದರಲ್ಲಿ 28 ಮಿಲಿಮೀಟರಿನ ಟೈರು ತಂದೆ, ಮೊದಲಿದ್ದದ್ದು 23. ಫ್ರೇಮಿನಲ್ಲಿ ಕೂದಲೆಳೆಯಷ್ಟು ಜಾಗ ಉಳಿದಿದೆ. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿಟ್ಟರೆ ಹೊಸ ಗಾಲಿ ಹಳೆಯದಕ್ಕಿಂತ ತುಸು ಭಾರವೇ! ಯಾರಿಗೂ ಹೇಳಿರಲಿಲ್ಲ, ನಿಮಗೆ ಹೇಳುತ್ತಿದ್ದೇನೆ. ನಿಜವಾಗಿ ಮೈಗೆ ತಿಳಿದದ್ದು ಟೈರಿನ ಸುಖ. ಗಾಳಿ ಸ್ವಲ್ಪ ಕಡಿಮೆ ಹೊಡೆದರೂ ನಡೆಯುತ್ತದೆ, ಕೈ ಜುಮುಗುಡುವುದು ನಿಂತಿದೆ. ಬರೀ ಮೂರು ಸಾವಿರ ಇರುವವರು ಗಾಲಿ ಬಿಟ್ಟು ಟೈರನ್ನೇ ತಗೊಳ್ಳಿ.

ಶಿವರಾತ್ರಿ ಮುಂಚಿನ ಭಾನುವಾರ ಮತ್ತೆ ಹೊರಟೆ. ಫ್ರೇಮಿಗೆ ನಾಲ್ಕು ಕಡ್ಡಿ ಟೇಪು ಸುತ್ತಿ ಅಂಟಿಸಿದ್ದೆ. ಮಳಖೇಡದ ಅಜ್ಜ ಕಡ್ಡಿಗಳನ್ನು ಏಕತಾರಿಯಂತೆ ಮೀಟಿ, "ಈಗ ಗಾಲಿ ಆಯ್ತು ನೋಡ್ರಿ" ಅಂದ. ಚಹಾ ಅವನೇ ಕುಡಿಸಿದ. ಸೇಡಂ ದಾಟಿ ಚಿಂಚೋಳಿ ಸಮೀಪಿಸಿದಂತೆ ಕರಿ ನೆಲ ಕೆಂಪಾಗುತ್ತದೆ, ಬಯಲು ಗುಡ್ಡವಾಗುತ್ತದೆ. 2011ರಲ್ಲಿ ವನ್ಯಜೀವಿ ಧಾಮವಾದ ಕಾಡು ಆ ಕಡೆಗೇ ಇದೆ. ಬಸ್ಸಿನಲ್ಲಿ ಬಂದ ದಿನ ಇದೊಂದೂ ಕಂಡಿರಲಿಲ್ಲ. ಏರಿನಲ್ಲಿ ಏದುಸಿರು ಬಂತು. ಹಗುರ ಗಾಲಿ ಇದ್ದಿದ್ದರೆ ಅಂತ ಒಂದು ಸಲ ಅನ್ನಿಸಿದ್ದು ಸುಳ್ಳಲ್ಲ. ಊರು ಇನ್ನೂ ಎರಡು ಮೈಲಿ ಇರುವಾಗ ಜಾಲಿ ಮುಳ್ಳು ಚುಚ್ಚಿತು. ಅದಕ್ಕೆ ಯಾವ ಗಾಲಿಯಾದರೇನು! ಟ್ಯೂಬು ಬದಲಿಸಿ ಹೊರಟೆ.

ಹನ್ನೊಂದೂವರೆಗೆ ತಲುಪಿದೆ. ಅಕ್ಕ ಫರ್ಸಿ ಹಾಸಿದ ಕಟ್ಟಿಯ ಮೇಲೆ ರಸ್ತೆ ನೋಡುತ್ತ ಕೂತಿದ್ದಳು. ಹೊಸ ಗಾಲಿ ಮುಟ್ಟಿ ನೋಡಿ ಬೆಲೆ ಕೇಳಿದಳು. ಅರ್ಧ ಹೇಳಿದೆ. ಅಷ್ಟಕ್ಕೇ ಬೈಯಲು ಶುರು ಮಾಡಿದಳು.